ಪ್ರಬಂಧಕ್ಕೆ ಆಕರ: ಹುಡುಕುವುದೆಲ್ಲಿ, ನಮೂದಿಸುವುದು ಹೇಗೆ?

ಹುಡುಕಾಟಕ್ಕೆ ಕೂರುವ ಮೊದಲು ವಿಷಯವನ್ನು ಒಂದು ಪ್ರಶ್ನೆಯಾಗಿ ಬರೆದುಕೊಳ್ಳಿ. ಬರೀ ‘ನಿದ್ರೆ’ ಎಂದು ಹುಡುಕಿದರೆ ರಾಶಿ ಪುಟಗಳು ಬಂದು ಬೀಳುತ್ತವೆ. ‘ನಿದ್ರೆ ಕಡಿಮೆಯಾದರೆ ಹದಿಹರೆಯದವರ ನೆನಪಿನ ಶಕ್ತಿಗೆ ಏನಾಗುತ್ತದೆ?’ ಎಂದು ಕೇಳಿಕೊಂಡರೆ ನಿದ್ರೆ, ಹದಿಹರೆಯ, ನೆನಪು ಎಂಬ ಮೂರು ಪದಗಳು ಕೈಗೆ ಸಿಗುತ್ತವೆ. ಅವುಗಳ ಇಂಗ್ಲಿಷ್ ಪದಗಳನ್ನೂ ಪಕ್ಕದಲ್ಲಿ ಬರೆದಿಡಿ. ಸಂಶೋಧನಾ ಲೇಖನಗಳಲ್ಲಿ ಹೆಚ್ಚಿನವು ಆ ಭಾಷೆಯಲ್ಲಿವೆ.

ವಿಷಯದ ಪರಿಚಯಕ್ಕೆ ವಿಕಿಪೀಡಿಯ ಓದಬಹುದು, ಆದರೆ ಅದನ್ನೇ ಆಕರವೆಂದು ತೋರಿಸಬೇಡಿ. ನಿಮಗೆ ಬೇಕಾದದ್ದು ಪುಟದ ಕೊನೆಯಲ್ಲಿರುವ ಉಲ್ಲೇಖಗಳ ಪಟ್ಟಿ. ಅಲ್ಲಿಂದ, ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ಗೆ ಹೋಗಿ. ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಅದೇ ಗುಚ್ಛ ಇರುವ ಲೇಖನಗಳು ಬರುತ್ತವೆ. ಎಡಬದಿಯಲ್ಲಿ ವರ್ಷದ ಮಿತಿ ಹಾಕಬಹುದು. ಒಂದು ಒಳ್ಳೆಯ ಲೇಖನ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆ: ಅದರ ಉಲ್ಲೇಖಪಟ್ಟಿ ಹಿಂದಿನ ಕೆಲಸಗಳತ್ತ ಕರೆದೊಯ್ಯುತ್ತದೆ, ಸ್ಕಾಲರ್‌ನಲ್ಲಿ ಅದರ ಕೆಳಗಿರುವ ‘ಸೈಟೆಡ್ ಬೈ’ (ಇದನ್ನು ಉಲ್ಲೇಖಿಸಿದವು) ಕೊಂಡಿ ನಂತರ ಬಂದವುಗಳತ್ತ. ಓದಲು ಹಣ ಕೇಳಿದರೆ ‘ಆಲ್ ವರ್ಷನ್ಸ್’ ಒತ್ತಿ ನೋಡಿ. ಎಷ್ಟೋ ಸಲ ಉಚಿತ ಪ್ರತಿ ಅಲ್ಲಿರುತ್ತದೆ.

ಸಿಕ್ಕಿದ್ದು ನಂಬಲರ್ಹವೇ? ಬರೆದವರು ಯಾರು, ಆ ವಿಷಯದಲ್ಲಿ ಅವರ ಕೆಲಸವೇನು, ಪ್ರಕಟಿಸಿದವರು ಯಾರು, ಯಾವಾಗ ಎಂದು ಕೇಳಿ. ಉತ್ತರವನ್ನು ಅದೇ ಜಾಲತಾಣದಲ್ಲಿ ಹುಡುಕಬೇಡಿ. ತನ್ನ ಬಗ್ಗೆ ಯಾರೂ ಕೆಟ್ಟದಾಗಿ ಬರೆದುಕೊಳ್ಳುವುದಿಲ್ಲ. ಇನ್ನೊಂದು ಟ್ಯಾಬ್ ತೆರೆದು, ಅದರ ಬಗ್ಗೆ ಬೇರೆಯವರು ಏನು ಹೇಳಿದ್ದಾರೆಂದು ನೋಡಿ. ಆರ್ಕೈವ್ (arXiv)ನಂಥ ತಾಣಗಳ ಪ್ರಿಪ್ರಿಂಟ್‌ಗಳು ತಜ್ಞರ ಪರಿಶೀಲನೆಗೆ ಮೊದಲೇ ಹೊರಬಂದವು. ಬಳಸಿದರೆ ಹಾಗೆಂದು ತಿಳಿಸಿ. ದೊಡ್ಡ ಪತ್ರಿಕೆಯಲ್ಲಿ ಬಂದ ಮಾತ್ರಕ್ಕೆ ಪರೀಕ್ಷೆ ಮುಗಿಯುವುದಿಲ್ಲ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಅನುಮಾನ ಹಬ್ಬಿಸಿದ ಲೇಖನ 1998ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪತ್ರಿಕೆ ಅದನ್ನು ಪೂರ್ತಿ ಹಿಂಪಡೆದದ್ದು 2010ರಲ್ಲಿ. ಹಳೆಯ ಪ್ರತಿಯಲ್ಲಿ ಈ ಸುದ್ದಿ ಇರುವುದಿಲ್ಲ. ಆದ್ದರಿಂದ ಪ್ರಕಾಶಕರ ಪುಟಕ್ಕೇ ಹೋಗಿ ‘ರಿಟ್ರ್ಯಾಕ್ಟೆಡ್’ (ಹಿಂಪಡೆಯಲಾಗಿದೆ) ಎಂಬ ಸೂಚನೆ ಇದೆಯೇ ಎಂದು ನೋಡಲೇಬೇಕು.

ಹೆಚ್ಚಿನ ಪ್ರಬಂಧಗಳು ಸೋಲುವುದು ಮುಂದಿನ ಹಂತದಲ್ಲಿ. ‘ಅಧ್ಯಯನವೊಂದು ಹೇಳಿದೆ’ ಎಂದು ಸುದ್ದಿ ಬಂದರೆ, ಆ ಅಧ್ಯಯನವನ್ನೇ ತೆರೆಯಿರಿ. ಪ್ರಯೋಗ ನಡೆದದ್ದು ಇಲಿಗಳ ಮೇಲೋ ಮನುಷ್ಯರ ಮೇಲೋ, ಎಷ್ಟು ಜನರ ಮೇಲೆ ಎಂಬುದು ಸುದ್ದಿಯಲ್ಲಿ ಬಿಟ್ಟುಹೋಗಿರಬಹುದು. ಹತ್ತು ತಾಣಗಳು ಒಂದೇ ಅಂಕಿ ಕೊಟ್ಟರೆ ಅದು ಹತ್ತು ಸಾಕ್ಷಿಯಲ್ಲ; ಒಂದನ್ನೇ ಒಂಬತ್ತು ತಾಣಗಳು ನಕಲು ಮಾಡಿರಬಹುದು. ಎಐ ಚಾಟ್‌ಬಾಟ್ ಕೊಟ್ಟ ಉಲ್ಲೇಖವನ್ನಂತೂ ತೆರೆದು ಓದದೆ ಹಾಕಲೇಬೇಡಿ. ನಿಜವಾದ ಲೇಖಕರ ಹೆಸರಿಗೆ ಇಲ್ಲದ ಲೇಖನವನ್ನು ಅದು ಅಂಟಿಸಿಬಿಡುತ್ತದೆ. ಮೂಲ ಸಿಗದಿದ್ದರೆ, ಅದನ್ನು ಯಾವ ಪುಸ್ತಕದಲ್ಲಿ ಓದಿದಿರೋ ಆ ಪುಸ್ತಕವನ್ನೇ ನಮೂದಿಸಿ.

ಆಕರ ತೆರೆದ ಕೂಡಲೇ ವಿವರ ಬರೆದುಕೊಳ್ಳಿ: ಲೇಖಕರು, ವರ್ಷ, ಶೀರ್ಷಿಕೆ, ಪತ್ರಿಕೆ, ಸಂಪುಟ, ಸಂಚಿಕೆ, ಪುಟ, ಜೊತೆಗೆ 10ರಿಂದ ಶುರುವಾಗುವ ಡಿಒಐ (ಲೇಖನದ ಶಾಶ್ವತ ಗುರುತು) ಸಂಖ್ಯೆ. ವೆಬ್ ಪುಟವಾದರೆ ನೋಡಿದ ದಿನಾಂಕವೂ ಇರಲಿ. ಇದ್ದಂತೆ ಇಳಿಸಿಕೊಂಡ ಸಾಲಿಗೆ ಟಿಪ್ಪಣಿಯಲ್ಲೇ ಉದ್ಧರಣ ಚಿಹ್ನೆ ಹಾಕಿ. ಇಲ್ಲವಾದರೆ ವಾರ ಕಳೆದ ಮೇಲೆ ಯಾವುದು ಅವರ ಮಾತು, ಯಾವುದು ನಿಮ್ಮದು ಎಂದೇ ತಿಳಿಯದೆ, ಗೊತ್ತಿಲ್ಲದೆಯೇ ಕೃತಿಚೌರ್ಯವಾಗುತ್ತದೆ. ನಿಮ್ಮದೇ ಮಾತಿನಲ್ಲಿ ಹೇಳಿದರೂ ವಿಚಾರ ಅವರದ್ದಾದರೆ ಉಲ್ಲೇಖ ಬೇಕೇ ಬೇಕು.

ಉಲ್ಲೇಖದ ಶೈಲಿ ಯಾವುದೆಂದು ಅಧ್ಯಾಪಕರನ್ನು ಕೇಳಿ. ಎಪಿಎ ಶೈಲಿಯಲ್ಲಿ ವಾಕ್ಯದೊಳಗೆ ಲೇಖಕರ ಕೊನೆಯ ಹೆಸರು ಮತ್ತು ವರ್ಷ. ಎಂಎಲ್‌ಎಯಲ್ಲಿ ಹೆಸರು ಮತ್ತು ಪುಟಸಂಖ್ಯೆ. ಎರಡರಲ್ಲೂ ಮೂವರು ಅಥವಾ ಹೆಚ್ಚು ಲೇಖಕರಿದ್ದರೆ ಮೊದಲನೆಯವರ ಹೆಸರು ಬರೆದು ‘ಮತ್ತು ಇತರರು’ ಎಂದರೆ ಸಾಕು. ಸ್ಕಾಲರ್‌ನ ‘ಸೈಟ್’ ಗುಂಡಿ ಸಿದ್ಧ ಉಲ್ಲೇಖ ಕೊಡುತ್ತದಾದರೂ ಅದರಲ್ಲಿ ತಪ್ಪುಗಳಿರುತ್ತವೆ, ಮೂಲದೊಂದಿಗೆ ಹೋಲಿಸಿ.

ಒಪ್ಪಿಸುವ ಮುನ್ನ ಪ್ರಬಂಧದೊಳಗಿನ ಪ್ರತಿ ಹೆಸರಿಗೂ ಪೆನ್ಸಿಲಿನಿಂದ ಗುರುತು ಹಾಕುತ್ತ, ಅದು ಕೊನೆಯ ಪಟ್ಟಿಯಲ್ಲಿದೆಯೇ ನೋಡಿ, ಇದ್ದರೆ ಅಲ್ಲೂ ಗುರುತು ಹಾಕಿ. ಗುರುತು ಬೀಳದೆ ಪಟ್ಟಿಯಲ್ಲಿ ಉಳಿದವನ್ನು ತೆಗೆದುಹಾಕಿ.