ಕಾಲಿನಲ್ಲಿ ಗಂಟು: ಕತ್ತರಿಸುವ ಮೊದಲು ಸ್ಕ್ಯಾನಿಂಗ್ ಆಗಲಿ

ತೊಡೆಯಲ್ಲೋ ಮೀನಖಂಡದಲ್ಲೋ ಕೈಗೆ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಅಪಾಯವಿಲ್ಲದ ಕೊಬ್ಬಿನ ಗಂಟುಗಳು. ಹಾಗೆಂದು ‘ನೋವಿಲ್ಲವಲ್ಲ, ಇರಲಿ ಬಿಡು’ ಎನ್ನುವುದು ಸರಿಯಲ್ಲ. ಸ್ನಾಯು, ಕೊಬ್ಬಿನಲ್ಲಿ ಹುಟ್ಟುವ ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರ್ ಕೂಡ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ.

ಕೆಲವಕ್ಕೆ ಕಾಯುವ ಹಾಗಿಲ್ಲ. ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ದೂರ ಪ್ರಯಾಣ, ಆಪರೇಷನ್, ಹೆರಿಗೆಯ ನಂತರ ಇದರ ಸಾಧ್ಯತೆ ಹೆಚ್ಚು. ಎಣ್ಣೆ ಹಚ್ಚಿ ತಿಕ್ಕಬೇಡಿ. ಅವತ್ತೇ ಡಾಪ್ಲರ್ ಸ್ಕ್ಯಾನ್ (ರಕ್ತನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಅಲ್ಟ್ರಾಸೌಂಡ್) ಇರುವ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ. ಗಂಟು ಕೆಂಪಗಾಗಿ ಜ್ವರ ಬಂದರೆ ಕೀವು ತುಂಬಿರಬಹುದು, ಅದಕ್ಕೂ ತಡ ಬೇಡ.

ಉಳಿದಂತೆ, ಮನೆಯಲ್ಲೇ ಅಳೆದಿಟ್ಟುಕೊಳ್ಳಿ. ಗಂಟಿನ ಎರಡೂ ಅಂಚಿಗೆ ಬಾಲ್‌ಪೆನ್ನಿನಿಂದ ಗುರುತು ಹಾಕಿ, ಟೇಪಿನಲ್ಲಿ ಅಳೆದು ತಾರೀಖಿನೊಂದಿಗೆ ಬರೆಯಿರಿ. ಬೇಗ ತೋರಿಸಬೇಕಾದ ಗಡಿ 5 ಸೆಂ.ಮೀ.; 10 ರೂಪಾಯಿಯ ಎರಡು ನಾಣ್ಯ ಪಕ್ಕಪಕ್ಕ ಇಟ್ಟರೆ ಅದಕ್ಕಿಂತ ತುಸು ಹೆಚ್ಚಾಗುತ್ತದೆ. ಗಂಟು ತೊಡೆಯ ಮುಂಭಾಗದಲ್ಲಿದ್ದರೆ ಕುರ್ಚಿಯಲ್ಲಿ ಕೂತು ಮೊಣಕಾಲು ನೇರ ಚಾಚಿ ಬಿಗಿ ಹಿಡಿಯಿರಿ. ಆಗಲೂ ಚರ್ಮದಡಿ ಅತ್ತಿತ್ತ ಜಾರಿದರೆ ಅದು ಮೇಲ್ಪದರದ್ದು. ಅಲ್ಲಾಡದೆ ನಿಂತರೆ ಅಥವಾ ಮರೆಯಾದರೆ ಆಳದ್ದಿರಬಹುದು. ಇದು ಡಾಕ್ಟರಿಗೆ ಹೇಳಲು ಬೇಕಾದ ಮಾಹಿತಿ ಅಷ್ಟೆ, ರೋಗ ಯಾವುದೆಂದು ತೀರ್ಮಾನಿಸಲು ಸಾಲದು. ದಿನಕ್ಕೆ ಹತ್ತು ಸಲ ಹಿಚುಕಿ ನೋಡಬೇಡಿ.

5 ಸೆಂ.ಮೀ. ದಾಟಿದ್ದು, ಬೆಳೆಯುತ್ತಿರುವುದು, ಆಳದಲ್ಲಿರುವುದು, ನೋವು ಶುರುವಾದದ್ದು, ತೆಗೆಸಿದ ಮೇಲೆ ಮತ್ತೆ ಬಂದದ್ದು: ಇವುಗಳಲ್ಲಿ ಒಂದಿದ್ದರೂ ಬೇಗನೆ ಜನರಲ್ ಸರ್ಜನ್‌ಗೆ ತೋರಿಸಿ. ಬೆಳೆಯುವ ಮಕ್ಕಳ ಮೊಣಕಾಲಿನ ಹತ್ತಿರ ಮೂಳೆ ದಪ್ಪಗಾಗಿ ರಾತ್ರಿ ನೋಯುತ್ತಿದ್ದರೆ, ‘ಆಟದಲ್ಲಿ ಪೆಟ್ಟು ಬಿದ್ದಿರಬೇಕು’ ಎಂದು ಬಿಡದೆ ಎಕ್ಸ್‌ರೇ ಮಾಡಿಸಿ. ಪೆಟ್ಟು ಬಿದ್ದಾಗಲೇ ನಮ್ಮ ಗಮನ ಅತ್ತ ಹೋಗುವುದು. ಗಂಟು ಮೊದಲೇ ಇದ್ದಿರಬಹುದು.

ಡಾಕ್ಟರ್ ಬಳಿ ಯಾವಾಗ ಕಂಡಿತು, ಎಷ್ಟು ಬೆಳೆಯಿತು, ಪಾದದಲ್ಲಿ ಗಾಯವಿದೆಯೇ, ತೂಕ ಇಳಿದಿದೆಯೇ ಎಂಬುದನ್ನು ಹೇಳಿ. ಪಾದದ ಗಾಯಕ್ಕೂ ತೊಡೆಸಂದಿನಲ್ಲಿ ಗಂಟು ಕಟ್ಟುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮರೆಯದೆ ತಿಳಿಸಿ.

ಮೊದಲ ಪರೀಕ್ಷೆ ಅಲ್ಟ್ರಾಸೌಂಡ್. ಮೊಣಕಾಲಿನ ಹಿಂದಿನ ನೀರುಗಂಟು ಇದರಲ್ಲೇ ಗೊತ್ತಾಗುತ್ತದೆ. ಅನುಮಾನ ಉಳಿದರೆ ಎಂಆರ್‌ಐ, ಆಮೇಲೆ ಸೂಜಿ ಬಯಾಪ್ಸಿ, ಅಂದರೆ ಸೂಜಿಯಿಂದ ಗಂಟಿನ ಚೂರು ತೆಗೆದು ಲ್ಯಾಬಿನಲ್ಲಿ ಪರೀಕ್ಷಿಸುವುದು. ಈ ಕ್ರಮ ತಪ್ಪಬಾರದು. ದೊಡ್ಡ ಅಥವಾ ಆಳದ ಗಂಟನ್ನು ‘ಸಣ್ಣ ಆಪರೇಷನ್’ ಎಂದು ಸ್ಕ್ಯಾನಿಂಗ್ ಇಲ್ಲದೆ ಕತ್ತರಿಸಿದರೆ, ಅದು ಸಾರ್ಕೋಮಾ ಆಗಿದ್ದಲ್ಲಿ ಬೇರು ಒಳಗೇ ಉಳಿಯಬಹುದು, ಸುತ್ತಲೂ ಹರಡಬಹುದು, ಮುಂದಿನ ಆಪರೇಷನ್ ಇನ್ನಷ್ಟು ದೊಡ್ಡದಾಗಬಹುದು. ಸೂಜಿ ಹೋದ ದಾರಿಯನ್ನೂ ಮುಂದೆ ತೆಗೆಯಬೇಕಾಗಬಹುದು. ಹಾಗಾಗಿ ಅನುಮಾನದ ಗಂಟಿಗೆ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲೇ ಬಯಾಪ್ಸಿ ಆಗುವುದು ಒಳ್ಳೆಯದು.

ತೆಗೆದ ಗಂಟು ಎಷ್ಟೇ ಚಿಕ್ಕದಿರಲಿ, ಲ್ಯಾಬಿಗೆ ಕಳಿಸಲು ಕೇಳಿ. ಬೇರೆ ಆಸ್ಪತ್ರೆಗೆ ಹೋಗುವಾಗ ರಿಪೋರ್ಟಿನ ಜೊತೆಗೆ ಸ್ಲೈಡ್ (ಗಂಟಿನ ತೆಳು ಪದರವಿರುವ ಗಾಜು) ಮತ್ತು ಬ್ಲಾಕ್‌ಗಳನ್ನೂ (ಗಂಟಿನ ಚೂರು ಹುದುಗಿಸಿದ ಮೇಣದ ತುಂಡು) ಲ್ಯಾಬಿನಿಂದ ಪಡೆದು ಒಯ್ಯಿರಿ.