ಸೇಫ್ಟಿ ಕಮಿಟಿಗೆ ಅಧ್ಯಕ್ಷರನ್ನು ಹುಡುಕಿದ ಕಥೆ

ನಮ್ಮ ಸೇಫ್ಟಿ ಕಮಿಟಿಯ ಮಿನಿಟ್ಸ್ ಪುಸ್ತಕದಲ್ಲಿ ಒಂದೇ ಸಾಲು ಐದು ಸಲ ಬರುತ್ತದೆ. "7ನೇ ಪ್ರೆಸ್‌ನ ಬಟನ್ ಸರಿ ಮಾಡಿಸಬೇಕು. ಮುಂದುವರಿದಿದೆ." ಮೂರು ತಿಂಗಳಿಗೊಂದು ಮೀಟಿಂಗ್. ಅಂದರೆ ಒಂದು ವರ್ಷಕ್ಕೂ ಜಾಸ್ತಿ ಆ ಸಾಲು ಮುಂದುವರಿಯುತ್ತಲೇ ಇತ್ತು. ಐದು ಸಲವೂ ಬರೆದವನು ನಾನೇ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಗಾಡಿಗಳ ಬಿಡಿಭಾಗ ಮಾಡುತ್ತೇವೆ. ತಗಡು ಒತ್ತಿ ಆಕಾರ ಕೊಡುವ ಪ್ರೆಸ್ ಶಾಪ್ ಇದೆ, ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಇದೆ. ಎಲ್ಲಾ ಸೇರಿ 400 ಜನರ ಹತ್ತಿರ ಇದ್ದೇವೆ.

7ನೇ ಪ್ರೆಸ್‌ನ ತೊಂದರೆ ಇಷ್ಟೇ. ಎರಡು ಬಟನ್ ಇರುತ್ತವೆ, ಎರಡು ಕೈಗೂ ಒಂದೊಂದು. ಎರಡೂ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು. ಆಗ ಯಾವ ಕೈಯೂ ಡೈ, ಅಂದರೆ ಒತ್ತುವ ಅಚ್ಚಿನ ಕೆಳಗೆ ಇರಲ್ಲ. ಆದರೆ ಆ ಹಳೇ ಪ್ಯಾನಲ್‌ನಲ್ಲಿ ಒಂದು ಬಟನ್‌ಗೆ ರಟ್ಟಿನ ಚೂರು ಸಿಕ್ಕಿಸಿಬಿಟ್ಟರೆ ಅದು ಒತ್ತಿದಂತೆಯೇ ಇರುತ್ತಿತ್ತು. ಆಮೇಲೆ ಒಂದೇ ಕೈಯಲ್ಲಿ ಕೆಲಸ. ಪೀಸ್ ಬೇಗ ಬೇಗ ಬೀಳುತ್ತದೆ, ಟಾರ್ಗೆಟ್ ಮುಗಿಯುತ್ತದೆ. ಎಲ್ಲರಿಗೂ ಗೊತ್ತಿತ್ತು. ಸೂಪರ್‌ವೈಸರ್ ಬಂದಾಗ ರಟ್ಟು ಜೇಬಿಗೆ ಹೋಗುತ್ತಿತ್ತು, ಅಷ್ಟೇ.

ಒಂದು ದಿನ ಸೆಕೆಂಡ್ ಶಿಫ್ಟ್‌ನಲ್ಲಿ ಆಪರೇಟರ್ ಒಬ್ಬರ ಬಲಗೈ ನಡುಬೆರಳಿನ ತುದಿ ಹೋಯಿತು. ಅವರನ್ನು ಆಸ್ಪತ್ರೆಗೆ ಕಳಿಸಿ ನಾನು ಪ್ರೆಸ್ ಹತ್ತಿರ ಬಂದಾಗ ಬಟನ್‌ನಲ್ಲಿ ರಟ್ಟು ಇನ್ನೂ ಹಾಗೇ ಇತ್ತು. ಎಣ್ಣೆ ಹೀರಿ ಕಪ್ಪಾಗಿತ್ತು. ಬಿಸ್ಕತ್ ಪ್ಯಾಕೆಟ್‌ನ ರಟ್ಟು.

ಆಗ ಕಮಿಟಿಯ ಅಧ್ಯಕ್ಷರಾಗಿದ್ದವರು ಎಚ್‌ಆರ್ ಮುಖ್ಯಸ್ಥರು. ಒಳ್ಳೆ ಮನುಷ್ಯ. ಮೀಟಿಂಗ್ ತಪ್ಪಿಸುತ್ತಿರಲಿಲ್ಲ, ಎಲ್ಲರಿಗೂ ಬೋಂಡಾ ಕಾಫಿ ತರಿಸುತ್ತಿದ್ದರು. ಆದರೆ ಅವರ ಮಾತಿಗೆ ಒಂದು ಮೆಷಿನ್ ಕೂಡ ನಿಲ್ಲುತ್ತಿರಲಿಲ್ಲ. ಬಟನ್ ಸರಿ ಮಾಡಲು ಒಂದು ರಿಲೇ (ಪ್ಯಾನಲ್ ಒಳಗಿನ ಒಂದು ಬಗೆಯ ಸ್ವಿಚ್) ಬೇಕು, ನಾಲ್ಕು ಗಂಟೆ ಪ್ರೆಸ್ ನಿಲ್ಲಿಸಬೇಕು. ಅವರು ಪ್ರೆಸ್ ಶಾಪ್‌ಗೆ ಫೋನ್ ಮಾಡಿದರೆ "ಡಿಸ್ಪ್ಯಾಚ್ ಇದೆ ಸಾರ್, ಭಾನುವಾರ ನೋಡೋಣ" ಅನ್ನುವ ಉತ್ತರ. ಭಾನುವಾರ ಓವರ್‌ಟೈಮ್!

ಅಪಘಾತದ ವಿಚಾರಣೆ ಮುಗಿದ ಮೇಲೆ ಎಂಡಿ ನನ್ನನ್ನು ಕರೆದು ಕೇಳಿದರು, "ಕಮಿಟಿ ಇದ್ದೂ ಹೀಗಾಯ್ತಲ್ಲ, ಯಾಕ್ರೀ?" ಪುಸ್ತಕ ತೆಗೆದು ಐದೂ ಸಾಲು ತೋರಿಸಿದೆ. ಅಧ್ಯಕ್ಷರನ್ನು ಬದಲಾಯಿಸಬೇಕು ಅಂದೆ. "ಯಾರನ್ನ ಹಾಕೋದು, ನೀವೇ ಹೇಳಿ" ಅಂದರು.

ಸ್ವಲ್ಪ ಕಾನೂನು ಹೇಳಿಬಿಡುತ್ತೇನೆ. 1948ರ ಕಾರ್ಖಾನೆ ಕಾಯ್ದೆಗೆ 41ಜಿ ಅನ್ನುವ ಸೆಕ್ಷನ್ ಸೇರಿದ್ದು 1987ರ ತಿದ್ದುಪಡಿಯಲ್ಲಿ, 1984ರ ಭೋಪಾಲ್ ಅನಿಲ ದುರಂತದ ನಂತರ. ಅಪಾಯಕಾರಿ ಕೆಲಸ ಇರುವ ಕಡೆ ಕಾರ್ಮಿಕರ ಕಡೆಯಿಂದ ಎಷ್ಟು ಜನವೋ ಆಡಳಿತದ ಕಡೆಯಿಂದಲೂ ಅಷ್ಟೇ ಜನ ಕಮಿಟಿಯಲ್ಲಿ ಇರಬೇಕು ಅಂತ ಅದು ಹೇಳುತ್ತಿತ್ತು. 2025ರಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ, ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯದ 2020ರ ಹೊಸ ಕೋಡ್‌ನ 22ನೇ ಸೆಕ್ಷನ್ ಕೂಡ ಕಾರ್ಮಿಕರ ಕಡೆಯವರು ಕಡಿಮೆ ಇರಬಾರದು ಅನ್ನುತ್ತದೆ. ಅಧ್ಯಕ್ಷರ ವಿಷಯಕ್ಕೆ ಬಂದರೆ, ಫ್ಯಾಕ್ಟರಿ ನಿಯಮಗಳ ಮಾತಿನ ಅರ್ಥ ಹೀಗೆ: ತನ್ನ ಹುದ್ದೆಯಿಂದಲೇ ಕಮಿಟಿ ಕೆಲಸ ಸಾಗಿಸಬಲ್ಲ ಹಿರಿಯ ಅಧಿಕಾರಿ. ನಾವೆಲ್ಲ "ಹಿರಿಯ ಅಧಿಕಾರಿ" ಅನ್ನೋದನ್ನಷ್ಟೇ ಓದಿ, ಬಿಡುವಾಗಿದ್ದವರನ್ನು ಕೂರಿಸಿದ್ದೆವು. ಹುದ್ದೆ ಅನ್ನುವ ಪದದ ಮೇಲೆ ಕಣ್ಣು ಹಾಯಿಸಿರಲಿಲ್ಲ.

ನನ್ನ ಹೆಸರನ್ನೇ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಸೇಫ್ಟಿ ಆಫೀಸರ್ ಕಮಿಟಿಯ ಕಾರ್ಯದರ್ಶಿ. ನಾನೇ ಅಧ್ಯಕ್ಷನೂ ಆದರೆ ಸೇಫ್ಟಿ ನನ್ನೊಬ್ಬನ ತಲೆನೋವು ಅಂತ ಉಳಿದವರು ಕೈ ತೊಳೆದುಕೊಳ್ಳುತ್ತಾರೆ. ಮೇಂಟೆನೆನ್ಸ್ ಮುಖ್ಯಸ್ಥರಿಗೆ ಮೆಷಿನ್ ಚೆನ್ನಾಗಿ ಗೊತ್ತು, ಆದರೆ ಬಾಕಿ ಕೆಲಸಗಳಲ್ಲಿ ಅರ್ಧ ಅವರದೇ. ಪ್ಲಾಂಟ್ ಹೆಡ್ ತಿಂಗಳಲ್ಲಿ ಹತ್ತು ದಿನ ಚೆನ್ನೈ, ಪುಣೆ ಅಂತ ಓಡಾಡುತ್ತಾರೆ.

ಉಳಿದವರು ಪ್ರೊಡಕ್ಷನ್ ಹೆಡ್. "ಭಾನುವಾರ ನೋಡೋಣ" ಅನ್ನುತ್ತಿದ್ದವರು ಅವರೇ.

ಯೂನಿಯನ್ ಕಾರ್ಯದರ್ಶಿಗೆ ಹೇಳಿದಾಗ ನಕ್ಕುಬಿಟ್ಟರು. "ಏನ್ ಸಾರ್, ಕುರಿ ಕಾಯೋಕೆ ತೋಳನ್ನ ಬಿಟ್ಟ ಹಾಗಾಯ್ತು." ನನಗೂ ಹಾಗೇ ಅನಿಸಿತ್ತು. ಆದರೆ ಪ್ರೆಸ್ ಶಾಪ್‌ನಲ್ಲಿ ನಿಲ್ಲಿಸು ಅಂದರೆ ಎದುರು ಮಾತಿಲ್ಲದೆ ಮೆಷಿನ್ ನಿಲ್ಲುವುದು ಅವರೊಬ್ಬರ ಮಾತಿಗೆ. ಟಾರ್ಗೆಟ್ ಬರೆಯುವುದೂ ಅವರೇ.

ಅವರ ಹತ್ತಿರ ಹೋಗುವಾಗ ಭಾಷಣ ಏನೂ ಇಟ್ಟುಕೊಂಡಿರಲಿಲ್ಲ. ಒಂದು ಹಾಳೆಯಲ್ಲಿ ಎರಡೇ ಸಾಲು ಬರೆದಿದ್ದೆ. ರಿಲೇ ಹಾಕಲು ಪ್ರೆಸ್ ನಿಲ್ಲಬೇಕಿದ್ದದ್ದು ನಾಲ್ಕು ಗಂಟೆ. ಅಪಘಾತದ ನಂತರ ನಿಂತದ್ದು ಎರಡು ದಿನ. ಅವರು ಹಾಳೆಯನ್ನು ನೋಡುತ್ತಾ ಕೂತರು. ಬೆರಳು ಕಳೆದುಕೊಂಡದ್ದು ಈ ಪ್ರೊಡಕ್ಷನ್ ಹೆಡ್ ತಾವೇ ಹೆಲ್ಪರ್ ಆಗಿ ಸೇರಿಸಿಕೊಂಡು ಕೆಲಸ ಕಲಿಸಿದ ಹುಡುಗ, ಅದು ನನಗೆ ಆಮೇಲೆ ಗೊತ್ತಾಯಿತು. ಕೊನೆಗೆ ಕೇಳಿದ್ದು ಒಂದೇ ಮಾತು, "ಮೀಟಿಂಗ್ ಎಷ್ಟೊತ್ತಿಗೆ ಇಡ್ತೀರ?"

ತಿಂಗಳ ಕೊನೆಯ ವಾರ ಬೇಡ, ಶಿಫ್ಟ್ ಬದಲಾಗುವ ಎರಡು ಗಂಟೆಗೆ ಇಡಿ ಅನ್ನೋದು ಅವರ ಷರತ್ತು. ಮೀಟಿಂಗ್‌ಗೆ ಮುಂಚೆ ಅರ್ಧ ಗಂಟೆ ಎಲ್ಲರೂ ಶಾಪ್ ಸುತ್ತಬೇಕು ಅನ್ನೋದು ನನ್ನದು. ಯೂನಿಯನ್ ಎರಡು ಕೇಳಿತು. ಉಪಾಧ್ಯಕ್ಷರು ಕಾರ್ಮಿಕರ ಕಡೆಯಿಂದಲೇ ಇರಬೇಕು. ಇನ್ನೊಂದು, ಒಂದು ವಿಷಯ "ಮುಗಿಯಿತು" ಅಂತ ಅಧ್ಯಕ್ಷರು ಬರೆಸುವ ಹಾಗಿಲ್ಲ, ಅದನ್ನು ಎತ್ತಿದ ಕಾರ್ಮಿಕ ಪ್ರತಿನಿಧಿಯೇ ಸಹಿ ಹಾಕಬೇಕು. ಎರಡನೆಯದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ಇವತ್ತು ಯಾರಾದರೂ ನಿಮ್ಮ ಕಮಿಟಿಯಲ್ಲಿ ಏನು ವಿಶೇಷ ಅಂತ ಕೇಳಿದರೆ ನಾನು ಮೊದಲು ಹೇಳುವುದು ಅದನ್ನೇ.

ನೇಮಕದ ಪತ್ರಕ್ಕೆ ಒಂದು ವಾರ ಹಿಡಿಯಿತು. ಮೊದಲ ಕರಡಿನಲ್ಲಿ "ಸೂಕ್ತ ಸಲಹೆಗಳನ್ನು ಆಡಳಿತ ಮಂಡಳಿಗೆ ಸಲ್ಲಿಸಬಹುದು" ಅಂತ ಇತ್ತು. ಅಂಥ ಪತ್ರ ಫೈಲಿಗೆ ಚೆಂದ, ಶಾಪ್ ಫ್ಲೋರ್‌ಗೆ ಯಾಕೆ? ಹೊಡೆದು ಹಾಕಿ ಬೇರೆ ಬರೆದೆವು. ಅಪಾಯ ಕಂಡರೆ ಯಾವ ವಿಭಾಗದ ಮೆಷಿನ್ ಆದರೂ ನಿಲ್ಲಿಸುವ ಅಧಿಕಾರ. ಪರ್ಚೇಸ್‌ಗೆ ಕಾಯದೆ 25,000 ರೂಪಾಯಿವರೆಗೆ ಖರ್ಚು ಮಾಡುವ ಅಧಿಕಾರ. ಅವಧಿ ಎರಡು ವರ್ಷ. ಕಾರ್ಖಾನೆಯ ಆಕ್ಯುಪೈಯರ್, ಅಂದರೆ ಕಾನೂನಿನ ಪ್ರಕಾರ ಕಾರ್ಖಾನೆಯ ಹೊಣೆ ಹೊತ್ತವರು ಆಗಿ ಎಂಡಿ ಸಹಿ ಮಾಡಿದರು. ಕನ್ನಡದ ಪ್ರತಿಯನ್ನು ಕ್ಯಾಂಟೀನ್ ಬಾಗಿಲ ಪಕ್ಕ, ಕೈ ತೊಳೆಯುವ ಜಾಗದಲ್ಲಿ ಅಂಟಿಸಿದೆವು. ನೋಟಿಸ್ ಬೋರ್ಡ್ ಯಾರು ಓದುತ್ತಾರೆ, ಅಲ್ವಾ?

ರಿಲೇ ಆ ವಾರವೇ ಬಂತು. ಈಗ ಎರಡೂ ಬಟನ್ ಅರ್ಧ ಸೆಕೆಂಡ್ ಒಳಗೆ ಒಟ್ಟಿಗೆ ಒತ್ತದಿದ್ದರೆ ಪ್ರೆಸ್ ಇಳಿಯಲ್ಲ. ಪ್ರತಿ ಸ್ಟ್ರೋಕ್ ಆದ ಮೇಲೂ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು. ರಟ್ಟಿಗೆ ಕೆಲಸ ಇಲ್ಲ. ಪೀಸ್ ಲೆಕ್ಕ ಸ್ವಲ್ಪ ಇಳಿಯಿತು, ಅಧ್ಯಕ್ಷರೇ ಆ ಪ್ರೆಸ್‌ನ ಟಾರ್ಗೆಟ್ ಇಳಿಸಿದರು. ಹಳೇ ಅಧ್ಯಕ್ಷರು ಎಷ್ಟು ಬೋಂಡಾ ತರಿಸಿದರೂ ಇದು ಅವರ ಕೈಲಿ ಆಗುತ್ತಿರಲಿಲ್ಲ.

ಮೊದಲ ಸುತ್ತಿನಲ್ಲಿ ಪ್ಲೇಟಿಂಗ್ ವಿಭಾಗಕ್ಕೆ ಹೋದೆವು. ಅಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡುವ ಒಬ್ಬ ಹೆಂಗಸು ಮೆಲ್ಲಗೆ, "ಸಾರ್, ಆ ಕಣ್ಣು ತೊಳೆಯೋ ನಲ್ಲಿ ಒಂದ್ಸಲ ಒತ್ತಿ ನೋಡಿ" ಅಂದರು. ಅಧ್ಯಕ್ಷರು ತಾವೇ ಹಿಡಿ ಒತ್ತಿದರು. ಗೊರ್ ಅಂತ ಸದ್ದಾಯಿತು. ಆಮೇಲೆ ತುಕ್ಕಿನ ನೀರು ಚಿಮ್ಮಿತು, ಕಾಫಿ ಬಣ್ಣ. ಅವರು ಕೈ ತೆಗೆಯಲಿಲ್ಲ. ನೀರು ತಿಳಿಯಾಗುವವರೆಗೆ ಒತ್ತಿಕೊಂಡೇ ನಿಂತರು. ನಾಲ್ಕು ನಿಮಿಷ. ಅಂಗಿ ತೋಳೆಲ್ಲ ಕೆಂಪಾಗಿತ್ತು. ಆಸಿಡ್ ಕಣ್ಣಿಗೆ ಹಾರಿದವರು ನಾಲ್ಕು ನಿಮಿಷ ಕಾಯಬೇಕಿತ್ತು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಈಗ ಪ್ರತಿ ಸೋಮವಾರ ಆ ನಲ್ಲಿ ಬಿಟ್ಟು, ಪಕ್ಕದ ಕಾರ್ಡ್‌ನಲ್ಲಿ ಸಹಿ ಹಾಕುತ್ತಾರೆ. ತಿಂಗಳ ಚೆಕ್‌ಲಿಸ್ಟ್‌ನಲ್ಲಿ ಆ ನಲ್ಲಿಗೆ ನಾನು "ಸರಿ ಇದೆ" ಅಂತ ಟಿಕ್ ಹಾಕುತ್ತಿದ್ದೆ. ಒತ್ತಿ ನೋಡಿರಲಿಲ್ಲ. ಅದನ್ನೂ ಇಲ್ಲಿ ಹೇಳಿಬಿಡಬೇಕು.

ಆ ಹೆಂಗಸಿಗೆ ಕಮಿಟಿ ಚುನಾವಣೆಯಲ್ಲಿ ಓಟಿರಲಿಲ್ಲ. ಕಾಯಂ ನೌಕರರಷ್ಟೇ ಆರಿಸುತ್ತಿದ್ದರು. ಈಗ ಕಾಂಟ್ರಾಕ್ಟ್‌ನವರಲ್ಲಿ ಇಬ್ಬರನ್ನು ಪ್ರತಿ ಮೀಟಿಂಗ್‌ಗೂ ಕರೆಯುತ್ತೇವೆ. ಓಟು ಇನ್ನೂ ಕೊಟ್ಟಿಲ್ಲ. ಇದರಲ್ಲಿ ಯೂನಿಯನ್‌ಗೂ ಅಷ್ಟೇನೂ ಉತ್ಸಾಹ ಇಲ್ಲ.

ಎಲ್ಲಾ ಸಲೀಸಾಗಿ ನಡೆದಿಲ್ಲ. ಮೂರನೇ ಮೀಟಿಂಗ್‌ಗೆ ಅಧ್ಯಕ್ಷರು ಬರಲಿಲ್ಲ, ಅರ್ಜೆಂಟ್ ಡಿಸ್ಪ್ಯಾಚ್. ನನಗೆ ಸಿಟ್ಟು ಬಂತು. ಉಪಾಧ್ಯಕ್ಷರಾದ ಹಿರಿಯ ಡೈ ಸೆಟ್ಟರ್ ಕುರ್ಚಿಯಲ್ಲಿ ಕೂತು ಮೀಟಿಂಗ್ ನಡೆಸಿದರು. ಆವತ್ತು ಕಾರ್ಮಿಕರು ಮಾತಾಡಿದಷ್ಟು ಹಿಂದೆ ಯಾವತ್ತೂ ಮಾತಾಡಿರಲಿಲ್ಲ. ಆಮೇಲಿಂದ ವರ್ಷದಲ್ಲಿ ಒಂದು ಮೀಟಿಂಗ್ ಅವರೇ ನಡೆಸಲಿ ಅಂತ ಮಾಡಿಕೊಂಡಿದ್ದೇವೆ.

ಈಗ ಎರಡು ವರ್ಷ ಮುಗಿಯುತ್ತಾ ಬಂದಿದೆ. ಮುಂದುವರಿಯಿರಿ ಅಂತ ಯೂನಿಯನ್ ಕಾರ್ಯದರ್ಶಿಯೇ ಹೇಳುತ್ತಿದ್ದಾರೆ. ಅಧ್ಯಕ್ಷರು ಇನ್ನೂ ಹೂಂ ಅಂದಿಲ್ಲ. ಫೋರ್ಕ್‌ಲಿಫ್ಟ್ ದಾರಿಗೂ ಜನ ನಡೆಯುವ ದಾರಿಗೂ ನಡುವೆ ಕಟಕಟೆ ಹಾಕುವ ವಿಷಯದಲ್ಲಿ ಅವರಿಗೂ ಡೈ ಸೆಟ್ಟರ್‌ಗೂ ಜಗಳ ನಡೆಯುತ್ತಿದೆ. ಕಟಕಟೆ ಹಾಕಿದರೆ ಗೋಡೌನ್ ತಿರುವಿನಲ್ಲಿ ಗಾಡಿ ತಿರುಗಲ್ಲ ಅಂತ ಅಧ್ಯಕ್ಷರು, ಗಾಡಿಯೇ ಸಣ್ಣದು ತನ್ನಿ ಅಂತ ಡೈ ಸೆಟ್ಟರ್. ಮಿನಿಟ್ಸ್‌ನಲ್ಲಿ ಎರಡು ಸಲ "ಮುಂದುವರಿದಿದೆ" ಅಂತ ಬರೆದಿದ್ದೇನೆ. ಮುಂದಿನ ಮೀಟಿಂಗ್ 14ನೇ ತಾರೀಕು, ಎರಡು ಗಂಟೆಗೆ. ಗೋಡೌನ್ ತಿರುವಿನಲ್ಲೇ ನಿಂತು ಮಾಡೋಣ ಅಂತ ಸರ್ಕ್ಯುಲರ್ ಹಾಕಿದ್ದೇನೆ.