ಮೀಟಿಯರ್‌ಗೆ ಸ್ಪೋಕ್ ವೀಲ್ ಹಾಕಿಸಿದ ಕಥೆ

ಶಿರಾಡಿ ಘಾಟಿಯಲ್ಲಿ ಮಳೆನೀರು ತುಂಬಿದ್ದ ಗುಂಡಿಗೆ ನನ್ನ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಬೈಕಿನ ಮುಂದಿನ ಚಕ್ರ ಇಳಿಯಿತು. ಅದು ಅಲಾಯ್, ಅಂದರೆ ಕಡ್ಡಿಗಳಿಲ್ಲದ ಒಂದೇ ತುಂಡಿನ ಎರಕದ ಚಕ್ರ. ಅಂಚು ಒಳಕ್ಕೆ ಮಡಚಿ ಗಾಳಿ ಹೋಯಿತು. ರಿಪೇರಿಯವರು ಕಾಯಿಸಿ ಬೆಂಡ್ ತೆಗೆದುಕೊಡುತ್ತೇವೆ ಅಂದರು. ಒಮ್ಮೆ ಬಗ್ಗಿದ ಅಲಾಯ್ ನಂಬಿ ಮತ್ತೆ ಘಾಟಿ ಇಳಿಯಲು ಮನಸ್ಸು ಒಪ್ಪಲಿಲ್ಲ. ಎರಡೂ ಕಡೆ ಸ್ಪೋಕ್, ಅಂದರೆ ಕಡ್ಡಿ ಚಕ್ರ ಹಾಕಿಸೋಣ ಅಂತ ತೀರ್ಮಾನಿಸಿದೆ.

ಮೊದಲು ನೋಡಿದ್ದು ಹಬ್, ಅಂದರೆ ಕಡ್ಡಿಗಳು ಬಂದು ಸೇರುವ ಚಕ್ರದ ನಡುಭಾಗ. ರಿಮ್ ಎಷ್ಟೇ ಚೆನ್ನಾಗಿದ್ದರೂ ಹಬ್ ಹೊಂದದಿದ್ದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಮೀಟಿಯರ್‌ಗೆ ಮುಂದೆ 300, ಹಿಂದೆ 270 ಮಿ.ಮೀ. ಬ್ರೇಕ್ ಡಿಸ್ಕ್ ಇದೆ, ಅದರ ಬೋಲ್ಟ್ ತೂತುಗಳು ಸರಿಯಾಗಿ ಕೂರಬೇಕು. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನ ತೂತು ತೂತಿನ ಉಂಗುರ ಕೂರಲು ಜಾಗವೂ ಬೇಕು. ಅದಿಲ್ಲದಿದ್ದರೆ ಸೆನ್ಸರ್‌ಗೆ ಚಕ್ರದ ವೇಗ ಗೊತ್ತಾಗುವುದಿಲ್ಲ. ಹಳೆ ಚಕ್ರ ಬಿಚ್ಚಿಸಿ ಅಂಗಡಿಗೇ ಹೊತ್ತುಕೊಂಡು ಹೋದೆ. ಪಕ್ಕದಲ್ಲಿಟ್ಟು ಅಳೆಸಿ ಆಮೇಲೆ ದುಡ್ಡು ಕೊಟ್ಟೆ.

ಎಡವಿದ್ದು ರಿಮ್ ವಿಷಯದಲ್ಲಿ. ಕ್ರೋಮ್ ಸ್ಟೀಲ್ ಹೊಳಪಿಗೆ ಮರುಳಾದೆ. ನಾನಿರುವುದು ಮಂಗಳೂರು, ಉಪ್ಪುಗಾಳಿ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಪ್ರತಿ ನಿಪ್ಪಲ್ (ಕಡ್ಡಿಯನ್ನು ರಿಮ್‌ಗೆ ಬಿಗಿಯುವ ನಟ್) ಸುತ್ತ ಕಂದು ಬಣ್ಣದ ಬಳೆ! ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತಿತ್ತು, ಮುಂದಿನ ವಾರ ಮತ್ತೆ ಬರುತ್ತಿತ್ತು. ಕೊನೆಗೆ ಅದೇ ಹಬ್ ಉಳಿಸಿಕೊಂಡು ಅಲ್ಯೂಮಿನಿಯಂ ರಿಮ್, ಸ್ಟೇನ್‌ಲೆಸ್ ಸ್ಪೋಕ್ ಹಾಕಿಸಿದೆ. ಹಬ್‌ನಲ್ಲಿರುವ ಸ್ಪೋಕ್ ತೂತುಗಳ ಲೆಕ್ಕಕ್ಕೆ ರಿಮ್ ಸಿಗಬೇಕು, ಅದಕ್ಕೇ ಜಾಸ್ತಿ ದಿನ ಹಿಡಿಯಿತು. ಕರಾವಳಿಯವರು ದಯವಿಟ್ಟು ಕ್ರೋಮ್ ಕಡೆ ನೋಡಲೇಬೇಡಿ.

ಟಯರ್ ಅಳತೆ ಬದಲಿಸಲಿಲ್ಲ. ಮುಂದೆ 100/90-19, ಹಿಂದೆ 140/70-17, ಕಂಪನಿ ಕೊಟ್ಟದ್ದೇ. ಹಿಂದಕ್ಕೆ ಕಡಿಮೆ ಅಗಲದ ರಿಮ್ ಅಗ್ಗಕ್ಕೆ ಸಿಗುತ್ತಿತ್ತು. ಆದರೆ 140 ಮಿ.ಮೀ. ಅಗಲದ ಟಯರ್ ಅದರಲ್ಲಿ ಇಕ್ಕಟ್ಟಾಗಿ ಕೂತು ಬೆನ್ನು ಉಬ್ಬಿಸುತ್ತದೆ. ತಿರುವಿನಲ್ಲಿ ಹಿಡಿತ ಕೆಡುತ್ತದೆ.

ಕಳೆದುಕೊಂಡಿದ್ದೂ ಇದೆ. ನಿಪ್ಪಲ್ ತೂತುಗಳಿಂದ ಗಾಳಿ ಸೋರುವ ಕಾರಣ ಟ್ಯೂಬ್ ಹಾಕಲೇಬೇಕು. ಅಲಾಯ್ ಇದ್ದಾಗ ಟ್ಯೂಬ್ ಇರಲಿಲ್ಲ, ಪಂಕ್ಚರ್ ಆದರೆ ದಾರಿಯಲ್ಲೇ ಪ್ಲಗ್ ತುರುಕಿ ಹೊರಡುತ್ತಿದ್ದೆ. ಈಗ ಚಕ್ರ ಬಿಚ್ಚಬೇಕು. ಹಾಗಾಗಿ ಆಕ್ಸಲ್ ಸ್ಪ್ಯಾನರ್, ಒಂದು ಟ್ಯೂಬ್ ಯಾವಾಗಲೂ ಬ್ಯಾಗಿನಲ್ಲಿರುತ್ತವೆ.

ಕಡ್ಡಿ ಕಟ್ಟಿಕೊಟ್ಟವರು ಸೈಕಲ್ ಕಾಲದಿಂದ ಇದೇ ಕೆಲಸ ಮಾಡಿಕೊಂಡು ಬಂದ ಹಿರಿಯರು. ಚಕ್ರ ತಿರುಗಿಸಿ, ರಿಮ್ ಪಕ್ಕಕ್ಕೆ ಸೀಮೆಸುಣ್ಣ ಹಿಡಿದು, ಗೀರು ಬಿದ್ದ ಕಡೆ ನಿಪ್ಪಲ್ ಕಾಲು ಸುತ್ತು, ಅಷ್ಟೇ ತಿರುಗಿಸುತ್ತಿದ್ದರು. ಮಧ್ಯಾಹ್ನವೆಲ್ಲ ಪಕ್ಕದಲ್ಲೇ ಕೂತಿದ್ದೆ. "500 ಕಿ.ಮೀ. ಓಡಿಸಿ ಬನ್ನಿ, ಕಡ್ಡಿ ಸ್ವಲ್ಪ ಸಡಿಲ ಆಗ್ತದೆ" ಅಂದರು. ಹೋದಾಗ ಸ್ಪ್ಯಾನರಿನಿಂದ ಒಂದೊಂದೇ ಕಡ್ಡಿ ತಟ್ಟಿದರು. ಎಲ್ಲವೂ ಟಿಣ್ ಅಂದವು, ಹಿಂದಿನ ಚಕ್ರದಲ್ಲಿ ಎರಡು ಮಾತ್ರ ಡಬ್ ಅಂದವು. ಅವೆರಡನ್ನು ಬಿಗಿದು ಮತ್ತೆ ತಟ್ಟಿ ತೋರಿಸಿದರು.